ಬೈಲಕುಪ್ಪೆಗೆ ಹೋಗುವ ಮುನ್ನ ನಾಲ್ಕು ವಾರ ಕೂರಿಸಿ

ಪ್ರಶ್ನೆ: ಮಡಿಕೇರಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ತರಗತಿಯಲ್ಲಿ 24 ಮಕ್ಕಳಿದ್ದಾರೆ. ಬೌದ್ಧ ಧರ್ಮದ ಅಧ್ಯಾಯ ಮುಗಿದ ಮೇಲೆ ಪ್ರತಿ ವರ್ಷ ಟಿಬೆಟನ್ನರ ನೆಲೆಯಾದ ಬೈಲಕುಪ್ಪೆಗೆ ಒಂದು ದಿನ ಹೋಗುತ್ತೇವೆ. ಸೆಲ್ಫಿ ತೆಗೆದು, ಮೊಮೊ ತಿಂದು ಬರುತ್ತಾರೆ, ಅಷ್ಟೆ. ಈ ಸಲ ಧ್ಯಾನ, ಯೋಗ, ಬೌದ್ಧರ ಅಭ್ಯಾಸ ಏನೆಂದು ಅವರೇ ಮಾಡಿ ತಿಳಿಯಲಿ ಎಂದು ಆಸೆ. ಐದು ವಾರ ಸಮಯವಿದೆ, ನಾನು ಯೋಗ ಶಿಕ್ಷಕಿಯಲ್ಲ. ಎಲ್ಲಿಂದ ಶುರು ಮಾಡಲಿ? "ನಮ್ಮ ಮಕ್ಕಳನ್ನು ಬೇರೆ ಧರ್ಮಕ್ಕೆ ಎಳೀತೀರಾ?" ಎಂದು ಇಬ್ಬರು ಪೋಷಕರು ಕೇಳಿಯೂ ಆಗಿದೆ.

ಉತ್ತರ: ಮೇಡಂ, ಪ್ರವಾಸವನ್ನು ಐದನೇ ವಾರಕ್ಕೆ ಇಡಿ. ಮೊದಲ ನಾಲ್ಕು ವಾರ ಮಕ್ಕಳು ನಿಮ್ಮ ಕಾಲೇಜಿನಲ್ಲೇ ಕೂರಲಿ. ಹತ್ತು ನಿಮಿಷ ಕೂತು ಕಾಲು ಜೋಮು ಹಿಡಿದು, ಉಸಿರು ಎಣಿಸಲು ಹೋಗಿ ಮೂರಕ್ಕೇ ಲೆಕ್ಕ ತಪ್ಪಿದ ಹುಡುಗ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಒಳಗೆ ಕಾಲಿಟ್ಟಾಗ ಅವನ ಕಣ್ಣು 60 ಅಡಿಯ ಬುದ್ಧನ ಎತ್ತರದಲ್ಲಷ್ಟೇ ನಿಲ್ಲುವುದಿಲ್ಲ. ಆ ಮೂರ್ತಿಯ ಬೆನ್ನು ಹೇಗೆ ನೆಟ್ಟಗಿದೆ, ಪಕ್ಕದ ಅಮಿತಾಯುವಿನ ಮಡಿಲಲ್ಲಿ ಕೈಗಳು ಹೇಗೆ ಕೂಡಿವೆ, ರೆಪ್ಪೆ ಎಷ್ಟು ಇಳಿದಿದೆ ಎಂದು ಅವನು ಹುಡುಕುತ್ತಾನೆ. ತನ್ನ ಮೈಯಲ್ಲಿ ಆಗಲೇ ಪ್ರಶ್ನೆ ಹುಟ್ಟಿರುತ್ತದೆ. ಆ ಪ್ರಶ್ನೆ ಹುಟ್ಟಿಸುವುದೇ ನಾಲ್ಕು ವಾರದ ಕೆಲಸ.

ಇದು ಬೌದ್ಧ ಪರಂಪರೆಗೆ ಹೊರಗಿನಿಂದ ಅಂಟಿಸಿದ ಪಾಠಕ್ರಮವೂ ಅಲ್ಲ. ಪಾಳಿ ಗ್ರಂಥಗಳಲ್ಲಿ ಧರ್ಮಕ್ಕೆ 'ಏಹಿಪಸ್ಸಿಕೋ' ಎಂಬ ವಿಶೇಷಣವೇ ಇದೆ. ಬಾ, ನೋಡು ಎಂದು ಕರೆಯುವಂಥದ್ದು ಎಂದರ್ಥ. ಅಂಗುತ್ತರ ನಿಕಾಯದಲ್ಲಿ ಬುದ್ಧ ಕಾಲಾಮರಿಗೆ ಹೇಳುವ ಮಾತೂ ಇದೇ ದಾರಿಯದು: ಕೇಳಿ ಬಂದದ್ದು, ಗ್ರಂಥದಲ್ಲಿರುವುದು, ಗುರು ಹೇಳಿದ್ದು ಎಂಬಷ್ಟಕ್ಕೇ ಒಪ್ಪಬೇಡಿ. ಕನ್ನಡದಲ್ಲಿ ನಮಗೆ ಅನುಭವ, ಅನುಭಾವ ಎಂದು ಎರಡು ಪದಗಳಿವೆ. ತರಗತಿ ಕೊಡಬಹುದಾದದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಐದು ವಾರದಲ್ಲಿ ಕೊಡಿಸುತ್ತೇವೆ ಎಂದು ಯಾರಾದರೂ ಪ್ಯಾಕೇಜ್ ಹಿಡಿದು ಬಂದರೆ ದಯವಿಟ್ಟು ಬೇಡ ಎನ್ನಿ.

ಮೊದಲು ಮೈ. ಬೆಂಚು, ಬಸ್ಸು, ಬೈಕಿನ ಮೇಲೆ ಕೂತು ಬೆಳೆದ ಇಪ್ಪತ್ತರ ಮಕ್ಕಳಿಗೆ ತೊಡೆಯ ಹಿಂಭಾಗ, ಸೊಂಟದ ಕೀಲು ಬಿಗಿಯಾಗಿರುತ್ತವೆ. ಚಕ್ಕಳಮಕ್ಕಳ ಹಾಕಿದರೆ ಮಂಡಿ ಸೊಂಟಕ್ಕಿಂತ ಮೇಲೆ ನಿಲ್ಲುತ್ತದೆ, ಸೊಂಟ ಹಿಂದಕ್ಕೆ ಜಾರುತ್ತದೆ, ಬೆನ್ನು ಗೂನಾಗುತ್ತದೆ. ಐದೇ ನಿಮಿಷಕ್ಕೆ ಸೊಂಟ ನೋವು. ಮಕ್ಕಳು ಇದನ್ನು 'ನನಗೆ ಧ್ಯಾನ ಆಗಲ್ಲ' ಎಂದುಕೊಳ್ಳುತ್ತಾರೆ. ಆಗದೇ ಇದ್ದದ್ದು ಧ್ಯಾನವಲ್ಲ, ಆಸನದ ಎತ್ತರ ಸಾಲದು. ಮನೆಯಿಂದ ಒಂದು ದಪ್ಪ ಕಂಬಳಿ ತರಲು ಹೇಳಿ. ಮಡಚಿ ನಾಲ್ಕರಿಂದ ಆರು ಇಂಚು ಎತ್ತರ ಮಾಡಿ, ಅದರ ಮುಂದಿನ ಅಂಚಿನಲ್ಲಿ ಕೂರಲಿ. ಮಂಡಿ ಸೊಂಟಕ್ಕಿಂತ ಕೆಳಗಿಳಿದರೆ ಎತ್ತರ ಸರಿ. ಇಳಿದ ಮಂಡಿ ನೆಲ ಮುಟ್ಟದೆ ತೂಗಾಡಿದರೆ ಕೆಳಗೊಂದು ಮಡಚಿದ ಟವೆಲ್ ಕೊಡಿ. ಅಷ್ಟಾದರೂ ಆಗದವರು ಕುರ್ಚಿಯ ಮೇಲೆ ಬೆನ್ನು ಒರಗಿಸದೆ, ಎರಡೂ ಪಾದ ನೆಲಕ್ಕೆ ಊರಿ ಕೂರಲಿ. ಪದ್ಮಾಸನ ಹಾಕಿಸಲೇಬೇಡಿ. ಸೊಂಟ ತಿರುಗದಿದ್ದಾಗ ಆ ತಿರುಚು ಮಂಡಿಗೆ ಬೀಳುತ್ತದೆ. ಮಂಡಿಯ ಒಳಪಕ್ಕದಲ್ಲಿ ಚುಚ್ಚುವ ನೋವು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಜೋಮು ಬೇರೆ ವಿಷಯ: ನರ ಒತ್ತಿಕೊಂಡಿರುತ್ತದೆ, ಕಾಲು ಚಾಚಿದರೆ ಹೋಗುತ್ತದೆ. ಜೋಮು ಹಿಡಿದ ಕಾಲಲ್ಲಿ ತಟ್ಟನೆ ಎದ್ದು ಪಾದ ಉಳುಕಿಸಿಕೊಳ್ಳದಂತೆ ಮಾತ್ರ ಎಚ್ಚರಿಸಿ.

ಕೂರುವ ಮುಂಚೆ 15 ನಿಮಿಷ ಆಸನ ಸಾಕು. ಮಾರ್ಜಾಲಾಸನ ಎಂಟು ಸುತ್ತು, ಉಸಿರು ತೆಗೆದುಕೊಳ್ಳುತ್ತಾ ಬೆನ್ನು ತಗ್ಗಿಸಿ, ಬಿಡುತ್ತಾ ಉಬ್ಬಿಸಿ. ಬದ್ಧಕೋಣಾಸನ ಕಂಬಳಿಯ ಮೇಲೆ ಕೂತು ಒಂದು ನಿಮಿಷ. ಮಂಡಿಯನ್ನು ಕೈಯಿಂದ ಅದುಮುವುದು ಬೇಡ. ಅಂಗಾತ ಮಲಗಿ ಒಂದು ಕಾಲಿನ ಪಾದವನ್ನು ಇನ್ನೊಂದರ ಮಂಡಿಯ ಬಳಿ ಅಡ್ಡ ಇಟ್ಟು ಎರಡೂ ಕಾಲನ್ನು ಎದೆಯತ್ತ ತರುವುದು, ಪಕ್ಕಕ್ಕೆ ಒಂದೊಂದು ನಿಮಿಷ. ಪವನಮುಕ್ತಾಸನ ಒಂದೊಂದು ಕಾಲಿಗೆ ಐದು ಉಸಿರು. ಕೊನೆಗೆ ತಾಡಾಸನದಲ್ಲಿ ನಿಂತು ಹತ್ತು ಉಸಿರು. ಶವಾಸನ ಕೂರುವುದಕ್ಕೆ ಮುಂಚೆ ಬೇಡ, ತೂಕಡಿಕೆ ತರುತ್ತದೆ. ಕೂತು ಎದ್ದ ಮೇಲೆ ಇರಲಿ. ಶೀರ್ಷಾಸನ, ಹಲಾಸನ, ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ ಇವನ್ನು ತರಬೇತಿ ಪಡೆದವರು ಪಕ್ಕದಲ್ಲಿಲ್ಲದೆ ಮುಟ್ಟಬೇಡಿ. ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಜೊತೆಗಿದ್ದರೆ ಒಳ್ಳೆಯದು. ಸಮಯ ಬೆಳಗಿನ ಮೊದಲ ಪಿರಿಯಡ್. ಊಟವಾದ ಮೇಲಿನ ಪಿರಿಯಡ್‌ನಲ್ಲಿ ಇಟ್ಟರೆ ಅರ್ಧ ತರಗತಿ ನಿದ್ದೆ. ಮಳೆಗಾಲದಲ್ಲಿ ನಮ್ಮ ಸಿಮೆಂಟು ನೆಲದ ಥಂಡಿ ಸೊಂಟಕ್ಕೆ ನೇರ ಏರುತ್ತದೆ, ಚಾಪೆಯ ಮೇಲೆ ಕಂಬಳಿ, ಕಾಲಿಗೆ ಸಾಕ್ಸ್, ಹೆಗಲಿಗೆ ಶಾಲು ಇರಲಿ.

ಈ 15 ನಿಮಿಷದಲ್ಲೇ ಒಂದು ಇತಿಹಾಸದ ಪಾಠವೂ ಆಗುತ್ತದೆ. ಪತಂಜಲಿಯ ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ, ಎರಡನೇ ಪಾದದ 46ರಿಂದ 48. 'ಸ್ಥಿರಸುಖಮಾಸನಮ್', ಸ್ಥಿರವಾಗಿಯೂ ಸುಖವಾಗಿಯೂ ಕೂರುವುದೇ ಆಸನ. ಇಂದು ಯೋಗ ಎಂದಾಗ ಮಕ್ಕಳ ಕಣ್ಣಿಗೆ ಬರುವ ಸಾಲು ಸಾಲು ಆಸನಗಳು ನಂತರದ ಹಠಯೋಗದಿಂದಲೂ, 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯಂಥ ಕಡೆಗಳಿಂದಲೂ ಬಂದವು. ಇದನ್ನು ಬೋರ್ಡಿನ ಮೇಲೆ ಬರೆದು ಹೇಳುವುದಕ್ಕಿಂತ, ಕಂಬಳಿಯ ಎತ್ತರ ಸರಿ ಮಾಡಿಕೊಂಡು 'ಈಗ ಸುಖವಾಗಿದೆ' ಎನ್ನುವ ಹುಡುಗಿಗೆ ಆ ಕ್ಷಣದಲ್ಲಿ ಹೇಳಿ.

ಈಗ ಉಸಿರು. ಮೊದಲ ವಾರ ಮೂರು ದಿನ ಹತ್ತತ್ತು ನಿಮಿಷ, ಎರಡನೇ ವಾರ 15, ಮೂರನೇ ವಾರ 20. ಬಲಗೈ ಎಡಗೈ ಮೇಲೆ, ಹೆಬ್ಬೆರಳ ತುದಿ ಸೋಕುವಂತೆ ಮಡಿಲಲ್ಲಿ. ಗಲ್ಲ ಸ್ವಲ್ಪ ಒಳಗೆ, ನಾಲಿಗೆ ಮೇಲ್ಗಡೆ ಹಲ್ಲಿನ ಹಿಂದೆ, ಕಣ್ಣು ಅರೆತೆರೆದು ನೋಟ ಮುಂದಿನ ನೆಲದ ಮೇಲೆ. ಟಿಬೆಟನ್ನರು ವೈರೋಚನನ ಏಳಂಗದ ಆಸನ ಎಂದು ಕಲಿಸುವುದು ಬಹುಪಾಲು ಇದನ್ನೇ. ಉಸಿರು ಹೊರಗೆ ಹೋದಾಗ ಒಂದು, ಮತ್ತೆ ಹೋದಾಗ ಎರಡು, ಹೀಗೆ ಹತ್ತರವರೆಗೆ. ತಪ್ಪಿದರೆ ಒಂದರಿಂದ ಶುರು. ತಪ್ಪುವುದು ಸೋಲಲ್ಲ. ತಪ್ಪಿತು ಎಂದು ಗೊತ್ತಾದ ಆ ಕ್ಷಣವೇ ಬೌದ್ಧರು ಸ್ಮೃತಿ ಎನ್ನುವ ಅರಿವು, ಅದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ಎಲ್ಲರಿಗೂ ಆಗುವ ಒಂದು ಎಡವಟ್ಟಿದೆ. ಉಸಿರನ್ನು ನೋಡಿ ಎಂದ ತಕ್ಷಣ ಉಸಿರನ್ನು ಎಳೆಯಲು ಶುರು ಮಾಡುತ್ತಾರೆ. ಗಮನ ಬಿದ್ದೊಡನೆ ತಾನಾಗಿ ನಡೆಯುತ್ತಿದ್ದ ಉಸಿರು ನಮ್ಮ ಕೈಗೆ ಬರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾಗುತ್ತದೆ. ಯಾರಾದರೂ 'ಕುಂಡಲಿನಿ ಏಳುತ್ತಿದೆ' ಎಂದರೆ ಮೊದಲು ಉಸಿರಿನ ವೇಗ ನೋಡಿ. ಪರಿಹಾರ ಸುಲಭ: ಒಳ ಉಸಿರನ್ನು ಬಿಟ್ಟುಬಿಡಿ, ಹೊರ ಉಸಿರಿನ ಬಾಲವನ್ನು ಮಾತ್ರ ನೋಡಿ, ಅದು ಎಲ್ಲಿ ಮುಗಿಯುತ್ತದೆ ಎಂದು. ಅದೂ ಆಗದಿದ್ದರೆ ಗಮನವನ್ನು ಉಸಿರಿನಿಂದ ತೆಗೆದು ಮಡಿಲಲ್ಲಿರುವ ಅಂಗೈಯ ಬಿಸಿಗೆ ಇಡಲಿ.

ಎದ್ದ ಕೂಡಲೇ ಐದು ಸಾಲು ಬರೆಸಿ. ನನ್ನ ಮಟ್ಟಿಗೆ ಇಡೀ ಯೋಜನೆ ನಿಂತಿರುವುದು ಈ ಐದು ಸಾಲಿನ ಮೇಲೆ. 'ಮನಸ್ಸಿಗೆ ಶಾಂತಿ ಸಿಕ್ಕಿತು, ತುಂಬಾ ಒಳ್ಳೆಯ ಅನುಭವ' ಎಂಬುದು ಮೇಡಂ ಮೆಚ್ಚಲಿ ಎಂದು ಬರೆದದ್ದು, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. 'ನಾಲ್ಕಕ್ಕೆ ತಪ್ಪಿತು, ಆರು ಸಲ. ಎರಡು ಸಲ ಫೋನು ನೆನಪಾಯಿತು. ಎಡ ಪಾದ ಜೋಮು. ಹೊರಗೆ ಮಳೆ ಜೋರಾದಾಗ ಎಣಿಕೆ ನಿಂತದ್ದು ಗೊತ್ತಾಗಲಿಲ್ಲ. ಬೇಸರ ಬಂತು, ಆಮೇಲೆ ಹೋಯಿತು.' ಇದು ಟಿಪ್ಪಣಿ. ಅಂಕ ಕೊಡುವುದಾದರೆ ಹೀಗೆ ನಿಖರವಾಗಿ ಬರೆದದ್ದಕ್ಕೆ ಕೊಡಿ, ಶಾಂತಿ ಸಿಕ್ಕಿದ್ದಕ್ಕೆ ಕೊಡಬೇಡಿ. ಶಾಂತಿಗೆ ಅಂಕವಿದೆ ಎಂದು ತಿಳಿದ ದಿನ ಎಲ್ಲರಿಗೂ ಶಾಂತಿ ಸಿಕ್ಕಿಬಿಡುತ್ತದೆ.

ಎರಡನೇ ವಾರದ ಹೊತ್ತಿಗೆ ಟಿಪ್ಪಣಿಗಳಲ್ಲಿ ಎರಡೇ ದೂರುಗಳು ತಿರುತಿರುಗಿ ಬರುತ್ತವೆ: ನಿದ್ದೆ, ಇಲ್ಲವೇ ಮನಸ್ಸಿನ ಓಡಾಟ. ಆಗ ಶಮಥದ, ಅಂದರೆ ಮನಸ್ಸನ್ನು ಒಂದೆಡೆ ನಿಲ್ಲಿಸುವ ಧ್ಯಾನದ, ಚಿತ್ರ ತೋರಿಸಿ. ಟಿಬೆಟನ್ ಗೊಂಪಾಗಳ, ಅಂದರೆ ವಿಹಾರಗಳ, ಗೋಡೆಗಳಲ್ಲಿ ಕಾಣುವ ಈ ಚಿತ್ರದಲ್ಲಿ ಅಂಕುಡೊಂಕು ದಾರಿ, ಅದರಲ್ಲಿ ಒಂದು ಆನೆ. ಆನೆ ಎಂದರೆ ಮನಸ್ಸು. ಮೊದಲ ಘಟ್ಟದಲ್ಲಿ ಆನೆ ಪೂರ್ತಿ ಕಪ್ಪು, ಮುಂದೆ ಕಪ್ಪು ಕೋತಿಯೊಂದು ಅದನ್ನು ಎಳೆದೊಯ್ಯುತ್ತಿದೆ, ಭಿಕ್ಷು ಹಿಂದೆ ಓಡುತ್ತಿದ್ದಾನೆ. ಕೋತಿ ಚಂಚಲತೆ. ಭಿಕ್ಷುವಿನ ಒಂದು ಕೈಯಲ್ಲಿ ಹಗ್ಗ, ಅದು ಸ್ಮೃತಿ. ಇನ್ನೊಂದರಲ್ಲಿ ಅಂಕುಶ, ಅದು ಎಚ್ಚರ. ಮೂರನೇ ಘಟ್ಟದಲ್ಲಿ ಆನೆಯ ಬೆನ್ನ ಮೇಲೆ ಒಂದು ಮೊಲ ಬಂದು ಕೂರುತ್ತದೆ. ಆ ಮೊಲ ಲಯ, ಅಂದರೆ ಒಳಗೊಳಗೇ ಮಂಕಾಗುವುದು. ಹಾಯಾಗಿದೆ ಎನಿಸುತ್ತದೆ, ಎಚ್ಚರ ಮಾತ್ರ ಇರುವುದಿಲ್ಲ. ಅದಕ್ಕೇ ಅದು ಕೋತಿಗಿಂತ ಹಿಡಿಯಲು ಕಷ್ಟ. ದಾರಿ ಸಾಗಿದಂತೆ ಆನೆ ತಲೆಯಿಂದ ಶುರುವಾಗಿ ಬಿಳಿಯಾಗುತ್ತಾ ಹೋಗಿ, ಒಂಬತ್ತನೆಯದರಲ್ಲಿ ಕೂತ ಭಿಕ್ಷುವಿನ ಪಕ್ಕ ಮಲಗಿರುತ್ತದೆ. ದಾರಿಬದಿಯ ಬೆಂಕಿಯ ಜ್ವಾಲೆ ಬೇಕಾದ ಪ್ರಯತ್ನದ ಅಳತೆ, ಮೊದಲು ದೊಡ್ಡದು, ಬರಬರುತ್ತಾ ಸಣ್ಣದು. ದುಬಾರೆಯ ಆನೆ ಶಿಬಿರದಲ್ಲಿ ಮಾವುತರು, ಕಾವಾಡಿಗಳು ಆನೆಯೊಡನೆ ಕೆಲಸ ಮಾಡುವುದನ್ನು ನೋಡಿ ಬೆಳೆದ ಮಕ್ಕಳಿಗೆ ಈ ಚಿತ್ರವನ್ನು ವಿವರಿಸುವ ಶ್ರಮವೇ ಬೇಡ. ಹಗ್ಗ ಯಾವಾಗ, ಅಂಕುಶ ಯಾವಾಗ ಎಂದು ಅವರೇ ಹೇಳುತ್ತಾರೆ.

ಮೊಲಕ್ಕೆ ಮದ್ದು: ಕಣ್ಣು ಪೂರ್ತಿ ತೆರೆದು ನೋಟ ಮೇಲೆತ್ತುವುದು, ಶಾಲು ತೆಗೆಯುವುದು, ಬೇಕಾದರೆ ಎದ್ದು ನಿಂತೇ ಎಣಿಸುವುದು. ಕೋತಿಗೆ ಮದ್ದು: ನೋಟ ತಗ್ಗಿಸುವುದು, ಹೊಟ್ಟೆಯ ಏರಿಳಿತಕ್ಕೆ ಗಮನ ಇಳಿಸುವುದು. ಪತಂಜಲಿಯೂ ಮೊದಲ ಪಾದದ 30ನೇ ಸೂತ್ರದಲ್ಲಿ ಒಂಬತ್ತು ವಿಘ್ನಗಳನ್ನು ಹೆಸರಿಸುತ್ತಾನೆ; ವ್ಯಾಧಿ, ಸ್ತ್ಯಾನ (ಮನಸ್ಸಿನ ಜಡತೆ), ಸಂಶಯ, ಪ್ರಮಾದ, ಆಲಸ್ಯ ಎಂದು ಅದು ಶುರುವಾಗುತ್ತದೆ. ಮಕ್ಕಳು ತಮ್ಮ ಟಿಪ್ಪಣಿಯನ್ನು ಆ ಪಟ್ಟಿಯ ಪಕ್ಕ ಇಟ್ಟು ನೋಡಲಿ. ಇನ್ನೂ ಹತ್ತಿರದ ನಂಟು 33ನೇ ಸೂತ್ರದ್ದು: ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಬೌದ್ಧರ ನಾಲ್ಕು ಬ್ರಹ್ಮವಿಹಾರಗಳು ಇವೇ.

ಹಾಗೆಂದು ಎರಡೂ ಒಂದೇ ಎಂದು ತೇಲಿಸಬೇಡಿ. ಪರೀಕ್ಷೆಯಲ್ಲಿ ಅಷ್ಟಾಂಗ ಯೋಗಕ್ಕೂ ಆರ್ಯ ಅಷ್ಟಾಂಗ ಮಾರ್ಗಕ್ಕೂ ಮಕ್ಕಳು ಅದಲುಬದಲು ಮಾಡುತ್ತಾರೆ. ಒಂದು ಯಮ, ನಿಯಮದಿಂದ ಹೊರಡುತ್ತದೆ, ಇನ್ನೊಂದು ಸಮ್ಯಕ್ ದೃಷ್ಟಿಯಿಂದ; ಎರಡೂ ಎಂಟನೇ ಮೆಟ್ಟಿಲಲ್ಲಿ ಸಮಾಧಿ ಎನ್ನುತ್ತವೆ. ಕೊನೆಗೆ ಏನು ಉಳಿಯುತ್ತದೆ ಎಂಬಲ್ಲಿ ದಾರಿ ಬೇರೆ. ಯೋಗದಲ್ಲಿ ವೃತ್ತಿಗಳು, ಅಂದರೆ ಚಿತ್ತದ ಅಲೆಗಳು, ನಿಂತಾಗ ದ್ರಷ್ಟಾ, ನೋಡುವವನು, ತನ್ನ ಸ್ವರೂಪದಲ್ಲಿ ನಿಲ್ಲುತ್ತಾನೆ. ಬೌದ್ಧರು ಹಾಗೆ ನಿಲ್ಲುವ ಆತ್ಮವೊಂದಿಲ್ಲ ಎನ್ನುತ್ತಾರೆ. ನಾಲ್ಕನೇ ವಾರ, 20 ನಿಮಿಷ ಕೂತ ಮೇಲೆ ಒಂದೇ ಪ್ರಶ್ನೆ ಕೊಡಿ: 'ಎಣಿಕೆ ತಪ್ಪಿತು ಎಂದು ಕಂಡುಕೊಂಡದ್ದು ಯಾರು?' ಉತ್ತರ ನೀವು ಹೇಳಬೇಡಿ. ಆ ಪ್ರಶ್ನೆಯನ್ನೇ ಜೇಬಿನಲ್ಲಿಟ್ಟುಕೊಂಡು ಬೈಲಕುಪ್ಪೆಗೆ ಹೋಗಲಿ.

ನಡಿಗೆಯ ಧ್ಯಾನಕ್ಕೆ ಮೂರನೇ ವಾರ. ಹನ್ನೆರಡು ಹೆಜ್ಜೆ ಹೋಗಿ, ನಿಂತು, ತಿರುಗಿ ಬರುವುದು; ಎತ್ತಿದೆ, ಸಾಗಿದೆ, ಇಟ್ಟಿದೆ ಎಂದು ಪಾದದ ಮೇಲೆ ಗಮನ. ಯಾರದಾದರೂ ಮನೆಯ ಕಾಫಿ ಕಣ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಸಮತಟ್ಟು, ಬರಿಗಾಲಿಗೆ ಸರಿ. ಕಾಫಿ ಒಣಹಾಕಿದ ದಿನಗಳಲ್ಲಿ ಕೇಳಲೂಬೇಡಿ. ತೋಟದೊಳಗಿನ ದಾರಿ ಚೆಂದ ಎಂದು ಬೆಳ್ಳಂಬೆಳಗ್ಗೆ, ಮುಸ್ಸಂಜೆ ಮಕ್ಕಳನ್ನು ಕರೆದೊಯ್ಯಬೇಡಿ, ಕಾಡಾನೆ ಬರುವ ಹೊತ್ತು ಅದು. ಮಳೆಗಾಲದಲ್ಲಿ ಜಿಗಣೆಯ ಕಾಟವೂ ಉಂಟು.

ಇನ್ನು ಒಂದು ವಿಷಯವನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಎಲ್ಲರಿಗೂ ಹಿತವಲ್ಲ. ಮೂರ್ಛೆ ರೋಗ, ಖಿನ್ನತೆ, ಪ್ಯಾನಿಕ್ ಆಗುವ ತೊಂದರೆ ಇರುವವರು, ಮನೆಯಲ್ಲಿ ಇತ್ತೀಚೆಗೆ ಸಾವು ಕಂಡವರು ಮೊದಲೇ ನಿಮಗೆ ಗುಟ್ಟಾಗಿ ಹೇಳಲು ಒಂದು ದಾರಿ ಇರಲಿ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣವಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಂದಿನ ಕಾಲೇಜು ಮಕ್ಕಳು ಪ್ರಾಥಮಿಕ, ಪ್ರೌಢ ಶಾಲೆಯಲ್ಲಿದ್ದರು. ಮೌನದಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಕೇಳುತ್ತಾ ಕೂತಾಗ ಯಾರಿಗೆ ಏನು ಮೇಲೆ ಬರುತ್ತದೋ ನಮಗೆ ಗೊತ್ತಾಗದು. ಎಲ್ಲರಿಗೂ ಮೊದಲ ದಿನವೇ ಹೇಳಿ: ಕಣ್ಣು ತೆರೆದಿಡಬಹುದು, ಎದ್ದು ಹೊರಗೆ ಹೋಗಬಹುದು, ಕಾರಣ ಕೊಡಬೇಕಿಲ್ಲ. ಯಾರಾದರೂ ನಡುಗಿದರೆ, ಅತ್ತರೆ 'ಇನ್ನೂ ಆಳಕ್ಕೆ ಹೋಗು' ಎನ್ನಬಾರದು. ಪಾದ ನೆಲಕ್ಕೆ ಒತ್ತಿಸಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ, ನೀರು ಕೊಡಿ, ಒಬ್ಬರು ಜೊತೆಗಿರಿ. ಮುಂದೆಯೂ ಕಾಡಿದರೆ ವೈದ್ಯರಲ್ಲಿಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಪೋಷಕರ ಪ್ರಶ್ನೆ ಅನ್ಯಾಯದ್ದಲ್ಲ, ನೇರವಾಗಿ ಉತ್ತರಿಸಿ. ಒಪ್ಪಿಗೆ ಪತ್ರದಲ್ಲಿ ಮಾಡಿಸುವುದೇನು, ಮಾಡಿಸದಿರುವುದೇನು ಎಂದು ಬಿಡಿಸಿ ಬರೆಯಿರಿ: ಆಸನ, ಉಸಿರು ಎಣಿಕೆ, ನಡಿಗೆ, ಗೊಂಪಾದಲ್ಲಿ ಕೂತು ಪೂಜೆ ನೋಡುವುದು ಉಂಟು; ಮಂತ್ರ ಜಪ, ದೀಕ್ಷೆ, ಶರಣಾಗತಿ, ಸಾಷ್ಟಾಂಗ ನಮಸ್ಕಾರ ಇಲ್ಲ. ಬೌದ್ಧನಾಗುವುದಕ್ಕೆ ಬುದ್ಧ, ಧರ್ಮ, ಸಂಘಕ್ಕೆ ಶರಣು ಹೋಗಬೇಕು, ಉಸಿರು ಎಣಿಸಿದ ಮಾತ್ರಕ್ಕೆ ಯಾರೂ ಬೌದ್ಧರಾಗುವುದಿಲ್ಲ. ಬೇಡ ಎಂದ ಮಗುವಿಗೆ ಪುಸ್ತಕದಿಂದ ಮಾಡುವ ಬೇರೆ ಕೆಲಸ, ಅಷ್ಟೇ ಅಂಕ. ಸಾಧ್ಯವಾದರೆ ಆ ಇಬ್ಬರು ಪೋಷಕರನ್ನೇ ಒಂದು ಬೆಳಗ್ಗೆ ಕರೆದು ಹತ್ತು ನಿಮಿಷ ಮಕ್ಕಳ ಹಿಂದೆ ಕೂರಿಸಿ.

ಐದನೇ ವಾರ ಬೈಲಕುಪ್ಪೆ. ಕುಶಾಲನಗರ ದಾಟಿ ಕಾವೇರಿ ಸೇತುವೆಯ ಆಚೆ ಮೈಸೂರು ಜಿಲ್ಲೆ, ನಿಮ್ಮಿಂದ ಒಟ್ಟು 35 ಕಿಲೋಮೀಟರಿನಷ್ಟು. ಶನಿವಾರ, ಭಾನುವಾರ, ರಜಾ ದಿನ ಬೇಡವೇ ಬೇಡ, ಪ್ರವಾಸಿಗರ ನೂಕುನುಗ್ಗಲು. ಹದಿನೈದು ದಿನ ಮುಂಚೆ ಗೊಂಪಾದ ಕಚೇರಿಗೆ ಕಾಲೇಜಿನ ಪತ್ರ ಕೊಡಿ: ಎಷ್ಟು ಜನ, ಏನು ಓದಿದ್ದಾರೆ, ಪೂಜೆಯ ಹೊತ್ತಿಗೆ ಹಿಂದೆ ಕೂರಬಹುದೇ, ಕನ್ನಡ ಅಥವಾ ಹಿಂದಿ ಬಲ್ಲ ಭಿಕ್ಷುವೊಬ್ಬರು ಅರ್ಧ ಗಂಟೆ ಮಾತಾಡಬಹುದೇ. ಹನ್ನೆರಡರಂತೆ ಎರಡು ತಂಡ, ತಂಡಕ್ಕೊಬ್ಬರು ಉಪನ್ಯಾಸಕರು. ಮಂಡಿ, ಭುಜ ಮುಚ್ಚುವ ಬಟ್ಟೆ. ಒಳಗೆ ಟೋಪಿ ತೆಗೆಯುವುದು, ಮೂರ್ತಿಯತ್ತ ಕಾಲು ಚಾಚದಿರುವುದು, ಗ್ರಂಥವನ್ನು ನೆಲದ ಮೇಲೆ ಇಡದಿರುವುದು, ದಾಟದಿರುವುದು, ಪ್ರಾರ್ಥನಾ ಚಕ್ರಗಳನ್ನು ಪ್ರದಕ್ಷಿಣೆಯ ದಿಕ್ಕಿಗೇ ತಿರುಗಿಸುವುದು. ಫೋನುಗಳೆಲ್ಲ ಬಸ್ಸಿನಲ್ಲಿ ಒಂದು ಚೀಲದಲ್ಲಿ. ಪುಟ್ಟ ಭಿಕ್ಷುಗಳೂ ಮಕ್ಕಳೇ, ಅವರ ಫೋಟೊ ಬೇಡ.

ಮಕ್ಕಳಿಗೆ ಮೊದಲೇ ಒಂದು ಮಾತು ಹೇಳದಿದ್ದರೆ ನಿರಾಸೆಯಾಗುತ್ತದೆ: ಅಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಕೂತಿರುವುದಿಲ್ಲ. ಗೋಲ್ಡನ್ ಟೆಂಪಲ್ ಇರುವ ನಮ್ಡ್ರೋಲಿಂಗ್ ಗೊಂಪಾದಲ್ಲಿ ಪೂಜೆ ಎಂದರೆ ಸದ್ದು. ನೂರಾರು ಕಂಠಗಳ ಪಠಣ, ದೊಡ್ಡ ನಗಾರಿ, ತಾಳ, ಮಾರುದ್ದದ ದುಂಗ್‌ಚೆನ್ ಕಹಳೆ, ಜೊತೆಗೆ ಗ್ಯಾಲಿಂಗ್ ಎಂಬ ಊದುವ ವಾದ್ಯ, ಅದರ ದನಿಗೆ ನಮ್ಮ ವಾಲಗ ಕೇಳಿದ ಕಿವಿ ಕೂಡಲೇ ನಿಮಿರುತ್ತದೆ. ಪಠಣ, ಮುದ್ರೆ, ದೇವತೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಟಿಬೆಟನ್ನರ ಪಂಥವಾದ ವಜ್ರಯಾನದಲ್ಲಿ ಧ್ಯಾನವೇ. ಗುರು ಪದ್ಮಸಂಭವನಿಂದ ಬಂದ ನ್ಯಿಂಗ್ಮಾ ಪರಂಪರೆಯ ಈ ಗೊಂಪಾವನ್ನು ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಿದರು. ಈಗ ಎಲ್ಲರೂ ನೋಡಲು ಬರುವ ಗೋಲ್ಡನ್ ಟೆಂಪಲ್ ಉದ್ಘಾಟನೆಯಾದದ್ದು 1999ರಲ್ಲಿ. ಹಿಂಬದಿಯಲ್ಲಿ 40 ನಿಮಿಷ ಕೂತು, ಆ ಸದ್ದಿನ ನಡುವೆಯೇ ಉಸಿರು ಎಣಿಸಿ, ಐದು ಸಾಲು ಬರೆಯಲಿ.

ಮಧ್ಯಾಹ್ನದ ಮೇಲೆ ಸೆರಾ ಗೊಂಪಾ. ಟಿಬೆಟ್‌ನಲ್ಲಿ 1419ರಲ್ಲಿ ಹುಟ್ಟಿ ಇಲ್ಲಿ ಮತ್ತೆ ಕಟ್ಟಿದ ಗೆಲುಗ್ ಪರಂಪರೆಯ ಮಹಾವಿಹಾರ ಅದು. ಅಂಗಳದಲ್ಲಿ ಶಾಸ್ತ್ರಾರ್ಥ, ಅಂದರೆ ಭಿಕ್ಷುಗಳ ತರ್ಕದ ವಾದ, ನಡೆಯುವ ಸಮಯವನ್ನು ಮೊದಲೇ ಕೇಳಿಕೊಳ್ಳಿ. ಉತ್ತರಿಸುವವನು ಕೂತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ಎಡಗಾಲು ಅಪ್ಪಳಿಸಿ, ಬಲಗೈಯಿಂದ ಎಡಗೈಗೆ ಚಟೀರ್ ಎಂದು ತಟ್ಟುತ್ತಾನೆ. ಜಗಳವಲ್ಲ ಅದು. ಕೂತವನು ಹೇಳಬಹುದಾದ ಮಾತುಗಳು ಕೆಲವೇ: 'ಒಪ್ಪಿದೆ', 'ಏಕೆ?', 'ಕಾರಣ ಸಿದ್ಧವಾಗಿಲ್ಲ', 'ವ್ಯಾಪ್ತಿ ಇಲ್ಲ', ಅಂದರೆ ಆ ಕಾರಣದಿಂದ ಆ ತೀರ್ಮಾನ ಬರುವುದಿಲ್ಲ. ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರ ತರ್ಕ ನಮ್ಮ ನೆಲದಲ್ಲಿ ಪುಸ್ತಕದಲ್ಲಿ ಉಳಿಯಿತು, ಇವರ ಬಾಯಲ್ಲಿ ದಿನವೂ ಬದುಕಿದೆ. ಹಿಂದಿನ ವಾರ ತರಗತಿಯಲ್ಲಿ ಇದನ್ನು ಆಡಿಸಿ. ಸೆರಾದ ಪುಟ್ಟ ಭಿಕ್ಷುಗಳೂ ಬಣ್ಣದಿಂದಲೇ ಕಲಿಯಲು ಶುರು ಮಾಡುವುದು. ನಿಂತವಳು ಕೇಳಲಿ: 'ಬಣ್ಣವಾದದ್ದೆಲ್ಲ ಕೆಂಪು, ಏಕೆಂದರೆ ಕಾಫಿ ಹಣ್ಣು ಕೆಂಪು.' ಕೂತವನು: 'ವ್ಯಾಪ್ತಿ ಇಲ್ಲ.' 'ಹಾಗಾದರೆ ಕಾಫಿ ಹಣ್ಣು ಬಣ್ಣ?' 'ಒಪ್ಪಿದೆ' ಎಂದರೆ ಸಿಕ್ಕಿಬಿದ್ದ. ಹಣ್ಣು ಬಣ್ಣವಲ್ಲ, ಹಣ್ಣಿಗೆ ಬಣ್ಣವಿದೆ. ಹೀಗೆ ಒಮ್ಮೆ ಸಿಕ್ಕಿಬಿದ್ದ ಹುಡುಗ ಸೆರಾದ ಅಂಗಳದಲ್ಲಿ ಭಾಷೆ ಬಾರದಿದ್ದರೂ ಕಣ್ಣು ಕೀಳದೆ ನೋಡುತ್ತಾನೆ.

ಭಿಕ್ಷುವಿನೊಂದಿಗೆ ಮಾತಿಗೆ ಕೂತಾಗ ನೀವು ಹಿಂದೆ ಸರಿಯಿರಿ, ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕ ತೆರೆದು ಅದರಿಂದಲೇ ಕೇಳಲಿ. 'ನಿರ್ವಾಣ ಎಂದರೇನು?' ಎಂದು ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. 'ನನಗೆ ದಿನಾ ಏಳಕ್ಕೆ ತಪ್ಪುತ್ತದೆ, ನಿಮಗೂ ತಪ್ಪುತ್ತದಾ?' ಎಂದು ಕೇಳಿದರೆ ಆ ಮಾತುಕತೆ ಅರ್ಧ ಗಂಟೆಗೆ ಮುಗಿಯುವುದಿಲ್ಲ, ಬಸ್ಸಿನವರಿಗೆ ಮೊದಲೇ ಹೇಳಿಡಿ. ಮರುದಿನ ಮೊದಲ ಪಿರಿಯಡ್‌ನಲ್ಲಿ ಅದೇ ಕಂಬಳಿಗಳ ಮೇಲೆ ಇನ್ನೊಮ್ಮೆ 20 ನಿಮಿಷ ಕೂರಿಸಿ, ಐದು ಸಾಲು ಬರೆಸಿ, ಮೊದಲ ದಿನದ ಹಾಳೆಯ ಪಕ್ಕ ಪಿನ್ ಮಾಡಿ ಅವರ ಕೈಗೇ ಕೊಡಿ.